ಆಡು ಮುಟ್ಟದ ಸೊಪ್ಪಿಲ್ಲ ಅನ್ನಿಸಿಕೊಂಡ ಕೈಗೆ

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ತವರು ಸಿದ್ದಾಪುರ ಕಡೆ, ಕೊಟ್ಟದ್ದು ಕುಮಟಾ ಹತ್ತಿರದ ಹಳ್ಳಿಗೆ. ಅಮ್ಮ ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದಳು, ಅವಳಿಂದ ಅದು ಬಂತು. ಎರಡು ವರ್ಷ ಯಲ್ಲಾಪುರದಲ್ಲಿದ್ದಾಗ ನೆರೆಮನೆಯ ಸಿದ್ದಿ ಸಮುದಾಯದ ಅಮ್ಮನ ಹತ್ತಿರ ಕವದಿ ಹೊಲಿಯಲು ಕಲಿತೆ. ಚೌತಿಗೆ ಹತ್ತು ಹದಿನೈದು ಗಣಪತಿ ಮಾಡುತ್ತೇನೆ. ಕರಟದ ಬಟ್ಟಲು ಮಾಡಿ ಗೋಕರ್ಣದ ಅಂಗಡಿಗೆ ಹಾಕುತ್ತೇನೆ. ಈಗ ಬೆಂಡಿನ (ಜೌಗುಗಿಡದ ಬಿಳಿ ತಿರುಳಿನ) ಕೆಲಸ ಕಲಿಯುವ ಆಸೆ ಹತ್ತಿದೆ. ಅತ್ತೆ ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುತ್ತಾರೆ. ತರಬೇತಿಗೆ ಬಂದಿದ್ದ ಸರ್ ಒಬ್ಬರು ‘ಒಂದನ್ನೇ ಹಿಡಿ, ಬ್ರ್ಯಾಂಡ್ ಮಾಡು’ ಎಂದರು. ಒಂದನ್ನು ಬಿಟ್ಟರೆ ಹೊಟ್ಟೆಯಲ್ಲಿ ಸಂಕಟ, ಎಲ್ಲವನ್ನೂ ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಯಾವುದನ್ನು ಬಿಡಲಿ? ನಾಲ್ಕು ಸಾಮಾನಿನ ಫೋಟೊ, ಖರ್ಚು, ರೇಟು, ತಾಸಿನ ಲೆಕ್ಕ ಕಳಿಸಿದ್ದೇನೆ.

ಉತ್ತರ: ತಂಗಿ, ಫೋಟೊ ಎರಡು ಸಲ ನೋಡಿದೆ, ಲೆಕ್ಕವನ್ನು ನಾಲ್ಕು ಸಲ. ಕಲೆ ಯಾವುದನ್ನೂ ಬಿಡಬೇಕಿಲ್ಲ, ಆದರೆ ಒಂದು ವ್ಯಾಪಾರ ಬಿಡಬೇಕು. ಅದು ಯಾವುದೆಂದು ಮುಂದೆ ಹೇಳುತ್ತೇನೆ, ಮೊದಲು ಅತ್ತೆಯವರ ಮಾತಿಗೆ ಬರೋಣ.

ಆಡು ಎಲ್ಲ ಸೊಪ್ಪಿಗೂ ಬಾಯಿ ಹಾಕುವುದು ನಿಜ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈಕೆಲಸದವರು ಬದುಕಿ ಉಳಿದದ್ದೇ ಹಾಗೆ. ಶಿರಸಿ, ಕುಮಟಾ, ಹೊನ್ನಾವರ, ಘಟ್ಟದ ಆಚೆ ಸಾಗರ, ಸೊರಬದ ಗುಡಿಗಾರರನ್ನೇ ನೋಡಿ. ಗುಡಿಯ ಕೆಲಸದವರಾದ್ದರಿಂದ ಆ ಹೆಸರು ಬಂತು ಅನ್ನುತ್ತಾರೆ. ಹೊರಗಿನವರಿಗೆ ಗುಡಿಗಾರರೆಂದರೆ ಗಂಧದ ಕೆತ್ತನೆ ಅಷ್ಟೇ. ಊರಿನವರಿಗೆ ಹಾಗಲ್ಲ. ಮದುವೆ ಬಂತೆಂದರೆ ಅದು ಬಾಸಿಂಗದ ಮನೆ, ಚೌತಿ ಬಂತೆಂದರೆ ಗಣಪತಿ ಮನೆ, ರಥೋತ್ಸವ ಹತ್ತಿರ ಬಂದರೆ ತೇರಿನ ಮರಕ್ಕೆ ಉಳಿ ಹಿಡಿಯುವವರ ಮನೆ. ಒಂದೇ ಜಗಲಿ, ಅದೇ ಜನ. ಅವರ ಮನೆಯ ಬಾಗಿಲಿಗೆ ಇಷ್ಟನ್ನೂ ಪಟ್ಟಿ ಮಾಡಿದ ಬೋರ್ಡು ಇದ್ದದ್ದನ್ನು ನಾನು ನೋಡಲಿಲ್ಲ. ಬರುವವರಿಗೆ ಬೇಕಾದದ್ದು ಗೊತ್ತಿತ್ತು.

ಇನ್ನೊಂದು ವಿಷಯ ಆ ಸರ್‌ಗೆ ಯಾರೂ ಹೇಳಿರಲಿಕ್ಕಿಲ್ಲ. ಆನೆದಂತದ ಕೆತ್ತನೆಯಲ್ಲಿ ಗುಡಿಗಾರರದು ಎತ್ತಿದ ಕೈಯಾಗಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1986ರ ತಿದ್ದುಪಡಿ ನಮ್ಮ ದೇಶದ ದಂತದ ವ್ಯಾಪಾರ ನಿಲ್ಲಿಸಿತು, 1991ರದ್ದು ಆಫ್ರಿಕದಿಂದ ತರಿಸುವ ದಂತಕ್ಕೂ ಬಾಗಿಲು ಹಾಕಿತು. ಆನೆಗೆ ಒಳ್ಳೆಯದಾಯಿತು, ಆಗಲೇಬೇಕಿತ್ತು. ಆದರೆ ಕೆತ್ತುವ ಕೈ ಏನು ಮಾಡಬೇಕು? ಗಂಧದ ಕಥೆ ಬೇರೆ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಬರುವವರೆಗೂ ನಮ್ಮ ಹಿತ್ತಲಲ್ಲಿ ತಾನೇ ಹುಟ್ಟಿ ಬೆಳೆದ ಗಂಧದ ಮರವೂ ಸರ್ಕಾರದ್ದೇ. ಕಳ್ಳರ ಕಾಟ, ಇಲಾಖೆಯ ಕಾಗದ ಪತ್ರ, ಏರಿದ ಬೆಲೆ ಎಲ್ಲ ಸೇರಿ ಬೆರಳುದ್ದದ ತುಂಡಿಗೂ ಲೆಕ್ಕ ಕೊಡುವ ಕಾಲ ಬಂತು. ದಂತ ಹೋಯಿತು, ಗಂಧ ಕೈಗೆಟುಕದಾಯಿತು. ಒಂದನ್ನೇ ಹಿಡಿದು ಕೂತವರಿಗೆ ಅಂದು ಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವೇ ಗತಿ. ಬೆಂಡು ಮತ್ತು ಜೇಡಿಮಣ್ಣು ಬಲ್ಲವರು ಉಳಿದರು.

ಇದಕ್ಕೆ ಪೂರಾ ಉಲ್ಟಾ ಆದದ್ದು ಕಾವಿ ಕಲೆಗೆ. ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆ ನೋಡಿದ್ದೀರಲ್ಲ, ಬಿಳಿ ಮೇಲೆ ಕೆಂಪು? ಅದನ್ನು ಕುಂಚದಲ್ಲಿ ಬರೆದದ್ದಲ್ಲ. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲ ಸೇರಿಸಿ ಕೊಳೆಹಾಕಿ, ಕುಟ್ಟಿ, ಗೋಡೆಗೆ ಮೆತ್ತುತ್ತಿದ್ದರು. ಅದು ಹಸಿ ಇರುವಾಗಲೇ ಮೇಲೆ ಹುರಮಂಜಿಯ ಕೆಂಪು ಪದರ. ಆಮೇಲೆ ಕಂಠ ಎಂಬ ಚೂಪು ಸಲಕರಣೆಯ ಮೊನೆಯಿಂದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಗೋಡೆ ಒಣಗಿದ ಮೇಲೆ ಇದು ಆಗುವ ಕೆಲಸವಲ್ಲ. ಸಿಮೆಂಟು ಬಂತು, ಸುಣ್ಣದ ಗಾರೆ ಹೋಯಿತು, ಗಾರೆಯ ಬೆನ್ನಿಗೇ ಕಾವಿಯೂ ಹೋಯಿತು. ಹೊನ್ನಾವರದ ಕೃಷ್ಣಾನಂದ ಕಾಮತರು ಅದರ ಬಗ್ಗೆ ಬರೆದು ಜನರ ಗಮನಕ್ಕೆ ತಂದರು. ಕಾಮತರೂ ವಿಜ್ಞಾನಿ, ಫೋಟೊಗ್ರಾಫರ್, ಚಿತ್ರಕಾರ, ಬರಹಗಾರ ಎಲ್ಲಾ ಆಗಿದ್ದವರು. ಅವರ ಅತ್ತೆ ಏನೆನ್ನುತ್ತಿದ್ದರೋ.

ಕಾರವಾರದ ಕಡೆ ಯಾರ ಕೈಗೆ ಎರಡು ಕೆಲಸ ಬಂದರೂ ಟಾಗೋರರ ಹೆಸರು ಎತ್ತುತ್ತಾರೆ. ಅಣ್ಣ ನ್ಯಾಯಾಧೀಶರಾಗಿದ್ದಾಗ ಇಲ್ಲಿ ಬಂದಿದ್ದರು, ಕಡಲು ನೋಡಿ ನಾಟಕ ಬರೆದರು, ಅರವತ್ತು ದಾಟಿದ ಮೇಲೆ ಚಿತ್ರ ಬಿಡಿಸಲು ಕೂತರು. ಎಲ್ಲಾ ನಿಜ. ಅವರ ಮನೆಗೆ ಜಮೀನ್ದಾರಿ ಇತ್ತೆಂಬುದೂ ನಿಜ. ನಮಗೆ ಸೊಸೈಟಿಯ ಸಾಲ ಇದೆ. ಆ ಹೋಲಿಕೆ ಬೇಡ.

ಈಗ ನಿಮ್ಮ ಲೆಕ್ಕ. ಐದಾರು ಅಡಿಯ ಕವದಿಗೆ ದಿನಕ್ಕೆ ಮೂರು ತಾಸಿನಂತೆ 30 ದಿನ ಎಂದು ಬರೆದಿದ್ದೀರಿ, ಅಂದರೆ 90 ತಾಸು. 4,500 ರೂಪಾಯಿಗೆ ಕೊಟ್ಟಿದ್ದೀರಿ, ದಾರ ಮತ್ತಿತರ ಖರ್ಚು 300. ತಾಸಿಗೆ ಬಿದ್ದದ್ದು 47 ರೂಪಾಯಿಯೂ ಇಲ್ಲ. ಕರಟದ ಬಟ್ಟಲಿಗೆ ಅಂಗಡಿಯವರು 70 ಕೊಡುತ್ತಾರೆ, ಖರ್ಚು 10, ಒಂದೂವರೆ ತಾಸಿನ ಕೆಲಸ. ತಾಸಿಗೆ 40. ಗಣಪತಿ 900ಕ್ಕೆ, ಮಣ್ಣು ಬಣ್ಣ 150, ಒಂಬತ್ತು ತಾಸು. ತಾಸಿಗೆ 83. ಚಿತ್ತಾರದ ಚೀಲ 350ಕ್ಕೆ, ಬಟ್ಟೆ ಬಣ್ಣ 120, ಎರಡೂವರೆ ತಾಸು. ತಾಸಿಗೆ 92. ನೀವು ಅಂಕಿ ಎಲ್ಲ ಸರಿಯಾಗಿ ಬರೆದಿದ್ದೀರಿ, ಭಾಗಾಕಾರ ಮಾತ್ರ ಮಾಡಲಿಲ್ಲ. ಮಾಡಿದ್ದರೆ ನನಗೆ ಪತ್ರ ಬರೆಯುತ್ತಿರಲಿಲ್ಲವೇನೋ.

ಈ ಲೆಕ್ಕ ನೋಡಿ ಕವದಿ ಬಿಟ್ಟು ಬರೀ ಚೀಲ ಮಾಡುತ್ತೇನೆಂದು ಹೊರಟೀರಿ ಜೋಕೆ. ಚೀಲ ತಿಂಗಳಿಗೆ ಎಷ್ಟು ಹೋಗುತ್ತದೆ? ನಾಲ್ಕೋ ಐದೋ ಎಂದು ನೀವೇ ಬರೆದಿದ್ದೀರಿ. ಗಣಪತಿ ವರ್ಷಕ್ಕೊಮ್ಮೆ, ಅದೂ ಒಣಗಿಸಲು ಜಾಗ ಇದ್ದಷ್ಟೇ. ಕವದಿಗಾದರೆ ಗಿರಾಕಿ ಕಾಯುತ್ತಿದ್ದಾರೆ, ನಿಮ್ಮ ಕಾಗದದಲ್ಲಿ ಮೂರು ಆರ್ಡರು ಬಾಕಿ ಇವೆ. ಕಾಯುವ ಗಿರಾಕಿ ಇರುವ ವಸ್ತುವಿಗೆ ಬೆಲೆ ಕಡಿಮೆಯಾಯಿತೆಂದೇ ಅರ್ಥ. ಮುಂದಿನ ಕವದಿಗೆ 7,500 ಹೇಳಿ. ತಾಸಿಗೆ 80 ಬೀಳುತ್ತದೆ. ಮೂವರಲ್ಲಿ ಒಬ್ಬರು ಹಿಂದೆ ಸರಿಯಬಹುದು, ಸರಿಯಲಿ.

ಬಿಡಬೇಕಾದ ವ್ಯಾಪಾರ ಎಂದೆನಲ್ಲ, ಅದು ಕರಟ. ಕರಟದ ಕೆಲಸವನ್ನಲ್ಲ, ಅಂಗಡಿಗೆ ಡಜನ್ ಲೆಕ್ಕದಲ್ಲಿ ಹಾಕುವುದನ್ನು. ಆ ಬಟ್ಟಲನ್ನು ಇನ್ನೂ ಅಗ್ಗಕ್ಕೆ ಮೆಷಿನಿನಲ್ಲಿ ಮಾಡುವವರಿದ್ದಾರೆ. ನೀವು 80 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 400ರವರೆಗೆ ಉಜ್ಜುತ್ತ ಕೂತರೆ ಅವರ ಜೊತೆ ಓಟಕ್ಕೆ ಬಿದ್ದ ಹಾಗೆ. ಇನ್ನೊಂದು ಕಾರಣ ಆರೋಗ್ಯದ್ದು. ಕರಟದ ಧೂಳು ಮೈದಾ ಹಿಟ್ಟಿನಷ್ಟು ನಯ, ಎದೆಯೊಳಗೆ ಹೋಗಿ ಕೂರುತ್ತದೆ. ಸೀರೆಯ ಸೆರಗು ಮೂಗಿಗೆ ಕಟ್ಟಿಕೊಂಡು ಉಜ್ಜುತ್ತೇನೆ ಎಂದಿದ್ದೀರಿ. ಸೆರಗು ಸಾಲದು, ಸರಿಯಾದ ಮಾಸ್ಕೇ ಬೇಕು, ಕೆಲಸ ಮನೆಯ ಹೊರಗೇ ಆಗಬೇಕು. ಮನೆಗೆ ಬಳಸಲು, ಆಪ್ತರಿಗೆ ಕೊಡಲು ವರ್ಷಕ್ಕೆ ಹತ್ತು ಮಾಡಿ. ಕೈಗೆ ಅದು ಗೊತ್ತಿರಲಿ.

ಅಂದಹಾಗೆ ಅಂಗಡಿಗೆ ಸಾಮಾನು ಇಟ್ಟುಬರುವಾಗ ಎರಡು ಪ್ರತಿ ಚೀಟಿ ಮಾಡಿ ಒಂದಕ್ಕೆ ಸಹಿ ಹಾಕಿಸಿಕೊಳ್ಳಿ. ಒಂದು ಕಡೆ ನನ್ನ ಇಪ್ಪತ್ತಾರು ಬೆಂಡಿನ ಹಾರಗಳು ಎಂಟು ತಿಂಗಳು ಗಾಜಿನ ಕಪಾಟಿನಲ್ಲಿದ್ದು, ಆಮೇಲೆ ‘ಹತ್ತೊಂಬತ್ತೇ ಕೊಟ್ಟಿದ್ದಿರಿ’ ಎಂದಾಯಿತು. ಚೀಟಿ ಇರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.

‘ಯಾವುದೂ ಮುಗಿಯುವುದಿಲ್ಲ’ ಅಂದಿರಿ. ಅದನ್ನು ನೀವು ಮನಸ್ಸಿನ ಚಂಚಲತೆ ಅಂದುಕೊಂಡಿದ್ದೀರಿ. ನಾನೂ ಅಂದುಕೊಂಡಿದ್ದೆ. ನನಗೆ ಪಾಠವಾದದ್ದು ಒಂದು ಮಳೆಗಾಲ. ಬೆಂಡಿನ ಕೆಲಸ ಕಲಿತು ನಾಲ್ಕನೇ ವರ್ಷ, ಕಾರ್ತಿಕದ ಮದುವೆಗಳಿಗೆ ಆರು ಜೊತೆ ಬಾಸಿಂಗ ಒಪ್ಪಿಕೊಂಡಿದ್ದೆ. ಬೆಂಡೆಂದರೆ ಕೆರೆಯ ಜೌಗಿನಲ್ಲಿ ಬೆಳೆಯುವ ಗಿಡ. ಮೇಲಿನ ಕಂದು ಸಿಪ್ಪೆ ಹೆರೆದರೆ ಒಳಗೆ ಹಾಲಿನಂಥ ಬಿಳಿ ತಿರುಳು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಉದ್ದ ಅಲಗಿನ ಚೂರಿಯನ್ನು ಕಲ್ಲಿಗೆ ಮಸೆದು, ಬೆಂಡನ್ನು ತಿರುಗಿಸುತ್ತ ತಿರುಗಿಸುತ್ತ ಸುತ್ತಲೂ ಸುಲಿದರೆ ಕಾಗದದಂಥ ಹಾಳೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ಬೇಸಿಗೆಯಲ್ಲಿ ಒಣಗಿಸಿಟ್ಟ ಒಳ್ಳೆಯ ಬೆಂಡು ಎರಡು ಹೊರೆ ನನ್ನ ಹತ್ತಿರ ಇತ್ತು. ಅದೇ ಕೋಣೆಯಲ್ಲಿ ಶ್ರಾವಣದಲ್ಲಿ ಹದಿನೆಂಟು ಗಣಪತಿ ಸಾಲಾಗಿ ಕೂರಿಸಿದೆ. ಹಸಿ ಮಣ್ಣು, ಬಾಗಿಲು ಹಾಕಿದ ಕೋಣೆ, ಹೊರಗೆ ಹಗಲು ರಾತ್ರಿ ಮಳೆ. ಗಣಪತಿಗಳು ಬಿಟ್ಟ ನೀರನ್ನೆಲ್ಲ ಬೆಂಡು ಕುಡಿಯಿತು. ಚೌತಿ ಮುಗಿಸಿ ಹೊರೆ ಬಿಚ್ಚಿದರೆ ಬೂಸಲಿನ ವಾಸನೆ. ಹೆರೆದ ತುಂಡುಗಳಲ್ಲಿ ಹಳದಿ ಕಲೆ, ಚೂರಿ ಇಟ್ಟರೆ ಹಾಳೆ ಬಿಚ್ಚದೆ ಪುಡಿಪುಡಿ. ಸೊರಬದಿಂದ ಬೇರೆ ಬೆಂಡು ದುಪ್ಪಟ್ಟು ಬೆಲೆಗೆ ತರಿಸಿ ಬಾಸಿಂಗ ಮುಗಿಸಿದೆ. ಲಾಭ ಹೋಗಲಿ, ಕೈಯಿಂದ ಹೋಯಿತು.

ಆವತ್ತು ತಿಳಿಯಿತು: ನನ್ನ ಕಸುಬುಗಳು ತಲೆಯೊಳಗೆ ಜಗಳವಾಡುತ್ತಿರಲಿಲ್ಲ, ಕೋಣೆಯೊಳಗೆ ಆಡುತ್ತಿದ್ದವು. ಮಣ್ಣಿಗೆ ತೇವ ಬೇಕು, ಬೆಂಡಿಗೆ ತೇವ ವಿಷ. ಕರಟದ ಧೂಳು ಕವದಿಯ ಎಳೆಯೊಳಗೆ ಕೂತರೆ ತೊಳೆದರೂ ಹೋಗದು. ಚಿತ್ತಾರದ ಅಕ್ಕಿಹಿಟ್ಟಿಗೆ ಜಿರಲೆ ಬರುತ್ತದೆ, ಜಿರಲೆ ಕವದಿಯ ಬಟ್ಟೆಗೂ ಹೋಗುತ್ತದೆ. ನಿಮ್ಮ ಫೋಟೊದ ಮೂಲೆಯಲ್ಲಿ ಕಂಡಿತು, ಗಣಪತಿಯ ಹಿಂದೆಯೇ ಕವದಿಯ ಬಟ್ಟೆಗಂಟು ಇದೆ. ಅದನ್ನು ಇವತ್ತೇ ಎತ್ತಿ. ಒದ್ದೆ ಕೆಲಸ ಬಚ್ಚಲ ಬದಿಗೆ, ಒಣ ಕೆಲಸ ಅಟ್ಟಕ್ಕೆ ಅಥವಾ ನಡುಮನೆಗೆ, ಧೂಳಿನ ಕೆಲಸ ಹಿತ್ತಲಿಗೆ. ಮನೆ ಚಿಕ್ಕದಾದರೆ ಜಾಗ ಬೇರೆ ಮಾಡಲಾಗದು, ಆಗ ತಿಂಗಳು ಬೇರೆ ಮಾಡಿ.

ತಿಂಗಳು ಅಂದೆನಲ್ಲ, ನಮ್ಮಲ್ಲಿ ಇದನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಿಲ್ಲ, ಮಳೆಯೇ ಹೇಳುತ್ತದೆ. ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಒಣಗಬೇಕಾದ ಯಾವುದನ್ನೂ ಹೊಸದಾಗಿ ಶುರು ಮಾಡಬೇಡಿ, ಗಣಪತಿಯೊಂದನ್ನು ಬಿಟ್ಟು. ಕವದಿ ಮಳೆಗಾಲದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ಕೂತು ಹೊಲಿಯುವುದಕ್ಕೆ ಅದು ಸರಿಯೇ. ಆದರೆ ಹಳೇ ಸೀರೆ, ಹಳೇ ಅಂಗಿ ಎಲ್ಲ ಮೇ ತಿಂಗಳಲ್ಲೇ ತೊಳೆದು, ಕಡುಬಿಸಿಲಿನಲ್ಲಿ ಎರಡು ದಿನ ಕಾಯಿಸಿ, ಬಣ್ಣಬಣ್ಣಕ್ಕೆ ಬೇರೆ ಮಾಡಿ, ಕತ್ತರಿಸಿ ಡಬ್ಬಕ್ಕೆ ಹಾಕಿರಬೇಕು. ಹಪ್ಪಳ ಸಂಡಿಗೆ ಒಣಗಿಸುವ ಅಂಗಳದಲ್ಲೇ ಒಂದು ಮೂಲೆ ಅದಕ್ಕೆ. ಇದು ಮಾಡದ ವರ್ಷ ಜುಲೈನಲ್ಲಿ ಅರ್ಧ ಒಣಗಿದ ಸೀರೆಗೆ ಸೂಜಿ ಹಾಕುತ್ತ, ಮುಗ್ಗು ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಕರೆಂಟು ಹೋದ ಸಂಜೆ ಕಪ್ಪು ಬಟ್ಟೆ ಮುಟ್ಟಬೇಡಿ, ಕಣ್ಣು ಒಂದೇ ಜೊತೆ ಇರುವುದು.

ಆಷಾಢದ ಕೊನೆಗೆ ಮಣ್ಣು. ಮಣ್ಣು ತುಳಿದು ಹದ ಮಾಡುವಾಗ ಹತ್ತಿಯ ಎಳೆ ಬೆರೆಸುತ್ತೀರೋ ಇಲ್ಲವೋ ಬರೆದಿಲ್ಲ. ಫೋಟೊದಲ್ಲಿ ಗಣಪತಿಯ ಎಡಗಿವಿಯ ಬುಡದಲ್ಲಿ ಬಿರುಕು ಕಾಣುತ್ತಿದೆ. ಕಿವಿಯನ್ನು ಆಮೇಲೆ ಅಂಟಿಸಿದ್ದೀರಿ, ಹೊಟ್ಟೆ ಒಣಗಿದ ಮೇಲೆ. ಒಣಗಿದ್ದಕ್ಕೂ ಹಸಿಗೂ ಹೊಂದುವುದಿಲ್ಲ, ಹಸಿ ಕುಗ್ಗುತ್ತದೆ, ಒಣಗಿದ್ದು ಕುಗ್ಗಿ ಮುಗಿದಿರುತ್ತದೆ, ಅಲ್ಲೇ ಸೀಳು. ಕಿವಿ, ಸೊಂಡಿಲು, ಕೈ ಎಲ್ಲವೂ ಒಂದೇ ಹದದಲ್ಲಿರುವಾಗ ಕೂಡಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ನಿಧಾನಕ್ಕೆ ಆರಲು ಬಿಡಿ. ಅವಸರಕ್ಕೆ ಬೆಂಕಿಯ ಹತ್ತಿರ ಇಟ್ಟರೆ ಗಣಪತಿಯೂ ಮುನಿಯುತ್ತಾನೆ.

ಚೌತಿ ಕಳೆದ ಮೇಲೆ ಆಶ್ವಿನದ ಭೂಮಿ ಹುಣ್ಣಿಮೆ. ಅಂದು ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವುದನ್ನು ನಿಮಗೆ ನಾನು ಹೇಳಿಕೊಡಬೇಕೇ? ತವರಿನದ್ದು. ಅಲ್ಲಿಂದ ದೀಪಾವಳಿವರೆಗೆ ಚಿತ್ತಾರಕ್ಕೇ ಕೊಡಿ, ಕಾರ್ತಿಕದಿಂದ ಪ್ರವಾಸಿಗರು ಬರಲು ಶುರುವಾಗುವಾಗ ನಿಮ್ಮ ಹತ್ತಿರ ಐವತ್ತು ಚೀಲ ತಯಾರಿರಬೇಕು. ಬೇಸಿಗೆ ಪೂರಾ ಸಂಗ್ರಹ, ಒಣಗಿಸುವುದು, ಮಾರುವುದು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಜಾತ್ರೆ ಇರುವ ವರ್ಷ, ಇಲ್ಲದ ವರ್ಷ ಅಂತ ನನ್ನ ಪುಸ್ತಕದಲ್ಲಿ ಎರಡು ಬಗೆಯ ಲೆಕ್ಕವೇ ಇದೆ. ಜಾತ್ರೆ ಪೇಟೆಯಲ್ಲಿ ಕವದಿ ಹಾಸಬೇಡಿ. ಧೂಳು ತಿಂದು ಹೋಗುತ್ತದೆ, ಅಲ್ಲಿ ಜನ ಇನ್ನೂರು ಮುನ್ನೂರು ರೂಪಾಯಿಯ ವಸ್ತು ಹುಡುಕುತ್ತಾರೆ.

ಆ ಸರ್ ಹೇಳಿದ ಬ್ರ್ಯಾಂಡಿನ ಮಾತಿನಲ್ಲಿ ಒಂದು ಹುರುಳು ಇಲ್ಲದಿಲ್ಲ. ಕೇಳಿದವರಿಗೆಲ್ಲ ‘ನಾನು ನಾಲ್ಕು ಕೆಲಸ ಮಾಡ್ತೇನೆ’ ಎಂದು ಉದ್ದಕ್ಕೆ ಹೇಳಿದರೆ ಯಾವುದೂ ಅವರ ನೆನಪಿನಲ್ಲಿ ಉಳಿಯದು. ಕವದಿಗೆ ಬಂದವರಿಗೆ ನೀವು ಕವದಿಯವರು. ಗಣಪತಿಗೆ ಬಂದವರಿಗೆ ಗಣಪತಿಯವರು. ಚಹಾ ಕುಡಿಯುತ್ತ ಅವರ ಕಣ್ಣು ಗೋಡೆಯ ಮೇಲಿನ ಚಿತ್ತಾರಕ್ಕೆ ಹೋದರೆ ಆಗ ಹೇಳಿದರೆ ಸಾಕು. ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಮೂರನೇ ಫೋಟೊದ ಕರಟದ ಬಟ್ಟಲಿಗೆ ಬಿಳಿ ಅಕ್ರಿಲಿಕ್‌ನಲ್ಲಿ ಚಿತ್ತಾರ ಬರೆದು ಮೇಲೆ ವಾರ್ನಿಷ್ ಹೊಡೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಅದು ಕರಟಕ್ಕೂ ಅವಮಾನ, ಚಿತ್ತಾರಕ್ಕೂ. ಕರಟದ ಚೆಂದ ಅದರ ನಾರಿನ ಗೆರೆಯಲ್ಲಿದೆ, ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಚಿತ್ತಾರದ ಚೆಂದ ಪುಂಡಿ ನಾರಿನ ಕುಂಚ ಕೆಮ್ಮಣ್ಣಿನ ಮೇಲೆ ಎಳೆಯುವ ಎಳೆಯಲ್ಲಿದೆ. ಸುಟ್ಟಕ್ಕಿಯ ಕಪ್ಪು, ಗುರಿಗೆಯ ಹಳದಿ ನಿಮ್ಮಮ್ಮನಿಗೆ ಗೊತ್ತು. ಅವರಿರುವಾಗಲೇ ಆ ಬಣ್ಣಗಳನ್ನು ಕೂತು ಮಾಡಿ, ಬರೆದಿಟ್ಟುಕೊಳ್ಳಿ. ಚೀಲದ ಮೇಲೆ ಬಟ್ಟೆಯ ಬಣ್ಣ ಇರಲಿ, ಒಗೆಯಬೇಕಲ್ಲ.

ಗೋಕರ್ಣದ ಅಂಗಡಿಯಲ್ಲಿ ನಿಮ್ಮ ಚಿತ್ತಾರಕ್ಕೆ ‘ವರ್ಲಿ’ ಅಂತ ಚೀಟಿ ಅಂಟಿಸಿದ್ದಾರೆಂದು ಬರೆದಿದ್ದೀರಿ. ವರ್ಲಿ ಮಹಾರಾಷ್ಟ್ರದ್ದು, ಅದರ ಜನರೇ ಬೇರೆ. ಇದು ನಮ್ಮ ಮಲೆನಾಡಿನ ದೀವರ ಸಮುದಾಯದ ಮನೆಯ ಗೋಡೆಯದ್ದು. ‘ಹಸೆ ಚಿತ್ತಾರ’ ಎಂದು ಬೆರಳಗಲದ ಚೀಟಿ ನೀವೇ ಹೊಲಿದು ಕೊಡಿ. ಕವದಿಗೂ ಅಷ್ಟೇ. ನೀವು ಕಲಿತದ್ದು ಸಿದ್ದಿ ಹೆಂಗಸರ ರೀತಿ: ಹೊರಗಿನ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಫೂಲು. ಫೂಲಿಲ್ಲದ ಕವದಿ ಬತ್ತಲೆ ಅನ್ನುವವರು ಅವರು. ಅದನ್ನು ಮಾರುವಾಗ ಯಾರಿಂದ ಕಲಿತೆನೆಂದು ಹೇಳಿ, ಆರ್ಡರು ಹೆಚ್ಚಾದರೆ ಯಲ್ಲಾಪುರದ ಆ ಅಮ್ಮನಿಗೆ ಕಳಿಸಿ, ಗಿರಾಕಿಯ ಹೆಸರು ಸಮೇತ. ಬಾಕಿ ಉಳಿದ ಮೂರು ಆರ್ಡರಿನಲ್ಲಿ ಒಂದನ್ನು ಹೀಗೆ ಇವತ್ತೇ ಕಳಿಸಬಹುದು.

ಸರ್ಕಾರದ ಫಾರ್ಮು ತುಂಬುವಾಗ ಮಾತ್ರ ಒಂದನ್ನೇ ಹಿಡಿಯಬೇಕಾಗುತ್ತದೆ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. 18 ಕಸುಬುಗಳ ಪಟ್ಟಿ ಇದೆ, ಒಬ್ಬರಿಗೆ ಒಂದೇ ಕಸುಬು, ಒಂದು ಕುಟುಂಬಕ್ಕೆ ಒಬ್ಬರೇ. ಕವದಿ, ಚಿತ್ತಾರ ಎಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊಲಿಗೆಯವರು, ಕುಂಬಾರರು, ಗೊಂಬೆ ಆಟಿಕೆ ಮಾಡುವವರು, ಬುಟ್ಟಿ ಚಾಪೆಯವರು ಇದ್ದಾರೆ. ನಿಮಗೆ ನಾನು ಹೊಲಿಗೆ ಬರೆಯಿರಿ ಎನ್ನುತ್ತೇನೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000ದವರೆಗೆ ವೋಚರು ಸಿಗುತ್ತದೆ. ನಿಮ್ಮ ನಾಲ್ಕು ಕಸುಬಿನಲ್ಲಿ ದುಡ್ಡು ಕೊಟ್ಟು ತರಬೇಕಾದ ದೊಡ್ಡ ಸಾಮಾನೆಂದರೆ ಹೊಲಿಗೆ ಮೆಷಿನೊಂದೇ. ಕವದಿ ಕೈಹೊಲಿಗೆಯೇ ಇರಲಿ, ಚೀಲದ ಅಂಚಿಗೆ ಮೆಷಿನು ಬೇಕು. ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡಾ 5. ಸಾಲ ತೆಗೆಯಲೇಬೇಕೆಂದಿಲ್ಲ, ಈ ವರ್ಷ ತೆಗೆಯಬೇಡಿ. ಹಾಗೆಯೇ ಕರಕುಶಲಕರ್ಮಿಗಳ ಪೆಹಚಾನ್ ಗುರುತಿನ ಕಾರ್ಡು ಮಾಡಿಸಿ, ಮೇಳಗಳಲ್ಲಿ ಮಳಿಗೆ ಕೇಳುವಾಗ ಮೊದಲು ಅದನ್ನೇ ಕೇಳುತ್ತಾರೆ. ಫಾರ್ಮಿನ ಆ ಒಂದು ಖಾನೆಯನ್ನು ನೋಡಿ ‘ಹಾಗಾದರೆ ನಾನು ಯಾರು’ ಎಂದು ಕೂರಬೇಡಿ. ಅದು ಗುಮಾಸ್ತರ ಅನುಕೂಲಕ್ಕೆ ಇರುವ ಖಾನೆ.

ಬೆಂಡು ಕಲಿಯುವ ಆಸೆಗೆ ಬರುತ್ತೇನೆ. ಕಲಿಸುತ್ತೇನೆ, ಆದರೆ ಈ ವರ್ಷವಲ್ಲ.

ನನ್ನ ಮನೆಯಲ್ಲಿ ಒಂದು ಬಿದಿರಿನ ಬುಟ್ಟಿ ಇದೆ, ಮಗ್ಗುಲಲ್ಲಿ ಬೆತ್ತದ ಅಂಚು, ಹೆಸರು ಅರೆಬರೆ ಬುಟ್ಟಿ. ಶುರುಮಾಡಿ ಬಿಟ್ಟದ್ದೆಲ್ಲ ಅದರೊಳಗೆ. ಅದು ತುಂಬಿದ ಮೇಲೆ ಹೊಸದು ಏನೂ ಇಲ್ಲ, ಒಂದನ್ನು ಮುಗಿಸಬೇಕು, ಇಲ್ಲವೇ ಬಿಚ್ಚಿಹಾಕಿ ಬಟ್ಟೆಯನ್ನೋ ಮಣಿಯನ್ನೋ ವಾಪಸು ಡಬ್ಬಕ್ಕೆ ಹಾಕಬೇಕು. ಬಿಚ್ಚುವುದಕ್ಕೆ ಮೊದಮೊದಲು ಜೀವ ಬರುತ್ತಿರಲಿಲ್ಲ. ಮೂರು ವರ್ಷ ಬುಟ್ಟಿಯಲ್ಲಿದ್ದ ಒಂದು ತೋರಣವನ್ನು ಒಂದು ಮಧ್ಯಾಹ್ನ ಬಿಚ್ಚಿದೆ, ಹಗುರಾಯಿತು, ನಿದ್ದೆ ಚೆನ್ನಾಗಿ ಬಂತು. ನಿಮ್ಮ ಕಾಗದದಲ್ಲಿ ಅರ್ಧಕ್ಕೆ ನಿಂತ ಸಾಮಾನು ಎಣಿಸಿದೆ, ಹನ್ನೊಂದು. ಅದು ನಾಲ್ಕಕ್ಕೆ ಇಳಿಯಲಿ, ಆಮೇಲೆ ಬೆಂಡು.

ಇದನ್ನು ಶಿಕ್ಷೆ ಎಂದುಕೊಳ್ಳಬೇಡಿ. ಬಹಳ ಕೆಲಸ ಬಲ್ಲವರಿಗೆ ಒಂದು ಕೆಲಸದಲ್ಲಾದರೂ ‘ಮುಗಿಯಿತು’ ಎಂದರೆ ಏನೆಂದು ತಿಳಿದಿರಬೇಕು. ಆ ಅಳತೆ ಒಂದರಲ್ಲಿ ಕೈಗೆ ಹತ್ತಿದರೆ ಉಳಿದವಕ್ಕೂ ದಾಟುತ್ತದೆ. ನನಗೆ ಅದನ್ನು ಹತ್ತಿಸಿದವರು ಬೆಂಡು ಕಲಿಸಿದ ಗುಡಿಗಾರ ಅಜ್ಜ. ನಾನು ಮಾಡಿದ ಮೊದಲ ಬಾಸಿಂಗ, ಹೂ, ಎಲೆ, ಬೇಗಡೆಯ ಚುಕ್ಕಿ ಎಲ್ಲಾ ಇಟ್ಟು, ತಟ್ಟೆಯಲ್ಲಿ ಅವರ ಮುಂದಿಟ್ಟೆ. ಅವರು ಮುಂಭಾಗ ನೋಡಲೇ ಇಲ್ಲ. ಎತ್ತಿ, ಮಗುಚಿ, ಹಿಂಭಾಗವನ್ನು ಬೆಳಕಿಗೆ ಹಿಡಿದರು. ಅಂಟು ಸುರಿದ ಕಲೆ, ಉದ್ದ ಬಿಟ್ಟ ದಾರದ ತುದಿ, ಒಂದು ಕಡೆ ಮೇಣದ ಬೆರಳಚ್ಚು. ‘ಇದು ಮದುಮಗಳ ಹಣೆಗೆ ತಾಗುವ ಬದಿ’ ಎಂದರು. ಅಷ್ಟೇ ಅಂದದ್ದು. ವಾಪಸು ತಟ್ಟೆಯಲ್ಲಿಟ್ಟು ಕವಳ ಹಾಕಿಕೊಳ್ಳಲು ಎದ್ದು ಹೋದರು.

ನಿಮಗೆ ಆ ಒಂದು ಕೆಲಸ ಕವದಿ. ಗಿರಾಕಿ ಇದ್ದಾರೆಂದಲ್ಲ, ನಾಲ್ಕು ಫೋಟೊಗಳಲ್ಲಿ ಅದೊಂದರಲ್ಲೇ ನಿಮ್ಮ ಕೈ ನಡುಗಿಲ್ಲ. ಬಣ್ಣ ಜೋಡಿಸಿದ ರೀತಿ, ಆ ಕಂದು ಚೌಕದ ಪಕ್ಕ ಗಿಳಿಹಸಿರು ಇಟ್ಟದ್ದು, ಅದನ್ನು ಯಾರೂ ಹೇಳಿಕೊಡಲಾರರು. ಆದರೆ ಎಡಗಡೆ ಕೆಳಮೂಲೆಯಿಂದ ಒಳಕ್ಕೆ ಐದನೇ ಮತ್ತು ಆರನೇ ಸುತ್ತು ನೋಡಿ. ಹೊಲಿಗೆ ಅಲ್ಲಿ ಉದ್ದವಾಗಿದೆ, ಅಂದು ಅವಸರ ಇತ್ತು. ನಡುವಿನವರೆಗೆ ಹೋಗುವ ಮೊದಲೇ ಆ ಎರಡು ಸುತ್ತು ಬಿಚ್ಚಿ, ಇಲ್ಲದಿದ್ದರೆ ಮುಗಿದ ಮೇಲೆ ಆ ಮೂಲೆ ಉಬ್ಬುತ್ತದೆ, ಹೊದ್ದವರ ಕಾಲುಬೆರಳು ಸಿಕ್ಕಿಕೊಳ್ಳುತ್ತದೆ.

ಅತ್ತೆಯವರಿಗೆ ಉತ್ತರ ಕೊಡಲು ಹೋಗಬೇಡಿ. ಮಳೆ ಹಿಡಿಯುವ ಮೊದಲು ಅವರ ಹಳೇ ಸೀರೆ ಎರಡು ಕೇಳಿ ತೆಗೆದುಕೊಳ್ಳಿ, ಮುಂದಿನ ಕವದಿಯ ಅಡಿಬಟ್ಟೆ ಅದೇ ಆಗಲಿ. ಯಾವ ಚೌಕ ಎಲ್ಲಿಗೆ ಎಂದು ಅವರನ್ನೇ ಕೇಳಿ. ಅವರಿಗೂ ಒಂದು ಕಾಲದಲ್ಲಿ ಚಾಪೆ ನೇಯಲು ಬರುತ್ತಿತ್ತೆಂದು ನೀವೇ ಬರೆದಿದ್ದೀರಿ, ಆ ಸಾಲನ್ನು ಯಾಕೆ ಹೊಡೆದುಹಾಕಿದಿರೋ ಗೊತ್ತಾಗಲಿಲ್ಲ.

ದೀಪಾವಳಿ ಕಳೆದು ಒಂದು ದಿನ ಶಿರಸಿಗೆ ಬನ್ನಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದರೆ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿರುತ್ತೀರಿ. ಅರೆಬರೆ ಹನ್ನೊಂದರಲ್ಲಿ ಉಳಿದದ್ದೆಷ್ಟೋ ಅಷ್ಟನ್ನೂ ಚೀಲಕ್ಕೆ ಹಾಕಿ ತನ್ನಿ. ಕವದಿಯನ್ನು ಮಾತ್ರ ಹಿಂಭಾಗ ಮೇಲೆ ಬರುವ ಹಾಗೆ ಮಡಚಿ.